ಒಂದೇ ನೀರು, ಎರಡು ಲ್ಯಾಬ್: ಜಿಯೋಸ್ಮಿನ್ 8 ಮತ್ತು 15, ಯಾವುದು ಸರಿ?

ಪ್ರಶ್ನೆ:
ಜಲಾಶಯದ ಕಚ್ಚಾ ನೀರಿನ ಒಂದೇ ಸ್ಯಾಂಪಲ್ಲನ್ನು ಎರಡು ಭಾಗ ಮಾಡಿ ಎರಡು ಲ್ಯಾಬಿಗೆ ಕೊಟ್ಟೆವು. ನೀರಿಗೆ ಮಣ್ಣಿನ ವಾಸನೆ ಕೊಡುವ ಜಿಯೋಸ್ಮಿನ್ ಒಂದು ಕಡೆ ಲೀಟರಿಗೆ 8 ನ್ಯಾನೋಗ್ರಾಂ, ಇನ್ನೊಂದು ಕಡೆ 15. ಅದೇ ಬಗೆಯ ಇನ್ನೊಂದು ವಾಸನೆಯ ವಸ್ತು ಎಂಐಬಿ ಮಾತ್ರ ಹೆಚ್ಚುಕಮ್ಮಿ ಒಂದೇ. ಎರಡೂ ಕಡೆ ಎಸ್‌ಪಿಎಂಇ (ವಾಸನೆಯ ವಸ್ತುವನ್ನು ಲೇಪಿತ ಫೈಬರ್ ಎಳೆಯಲ್ಲಿ ಹಿಡಿಯುವ ವಿಧಾನ) ಮತ್ತು ಜಿಸಿ-ಎಂಎಸ್ (ಅದನ್ನು ಬೇರ್ಪಡಿಸಿ ಗುರುತಿಸಿ ಅಳೆಯುವ ಯಂತ್ರ), ಅನಿಶ್ಚಿತತೆ ±30%. ಇಷ್ಟು ವ್ಯತ್ಯಾಸ ಸಹಜವೇ?

ಉತ್ತರ 1:
ಲೆಕ್ಕ ಹಾಕಿ ನೋಡಿ. 30% ಅಂದರೆ 8ಕ್ಕೆ 2.4, 15ಕ್ಕೆ 4.5. ಇವೆರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 5.1. ನಿಮ್ಮ ವ್ಯತ್ಯಾಸ 7. ಅಂದರೆ ಒಂದೋ ಯಾರದೋ ±30% ತೀರಾ ಆಶಾವಾದ, ಇಲ್ಲವೇ ಇಬ್ಬರೂ ಅಳೆದದ್ದು ಒಂದೇ ವಸ್ತುವಲ್ಲ. ಸರಾಸರಿ ತೆಗೆದು 11.5 ಅಂತ ಬರೆದುಕೊಳ್ಳಬೇಡಿ, ಅದಕ್ಕೆ ಅರ್ಥವಿಲ್ಲ.

ಉತ್ತರ 2:
ಎಂಐಬಿ ಹೊಂದಿಕೊಂಡಿದೆ ಅನ್ನುವುದೇ ಒಳ್ಳೆಯ ಸುಳಿವು. ಜಿಯೋಸ್ಮಿನ್ ಬಹುಪಾಲು ನೀಲಿ-ಹಸಿರು ಪಾಚಿಯ ಕೋಶದೊಳಗೇ ಇರುತ್ತದೆ. ಎಂಐಬಿ ಅದಕ್ಕಿಂತ ಹೆಚ್ಚಾಗಿ ನೀರಿಗೆ ಬಿಟ್ಟುಕೊಂಡಿರುತ್ತದೆ. ಒಂದು ಲ್ಯಾಬ್ 0.45 ಮೈಕ್ರಾನ್‌ನಲ್ಲಿ ಸೋಸಿ ಅಳೆದರೆ ಸಿಗುವುದು ಕರಗಿದ ಭಾಗ ಮಾತ್ರ. ಇನ್ನೊಂದು ಸೋಸದೆ, ಉಪ್ಪು ತುಂಬಿ 65 ಡಿಗ್ರಿಗೆ ಬಿಸಿಮಾಡಿದರೆ ಕೋಶ ಒಡೆದು ಒಳಗಿದ್ದದ್ದೂ ಹೊರಬರುತ್ತದೆ. ಮೊದಲು ಇದನ್ನೇ ಕೇಳಿ. ಶುದ್ಧೀಕರಿಸಿದ ನೀರನ್ನೂ ಹಂಚಿ ಕಳಿಸಿ. ಅದರಲ್ಲಿ ಕೋಶಗಳು ಇರುವುದಿಲ್ಲವಾದ್ದರಿಂದ, ಅಲ್ಲೂ ಅಂತರ ಉಳಿದರೆ ತಪ್ಪಿರುವುದು ಮಾಪನಾಂಕದಲ್ಲಿ, ಅಂದರೆ ಯಂತ್ರವನ್ನು ಗೊತ್ತಿರುವ ಪ್ರಮಾಣಕ್ಕೆ ಹೊಂದಿಸಿದ ರೀತಿಯಲ್ಲಿ.

ಉತ್ತರ 3:
ಮಾಪನಾಂಕದ ಅನುಮಾನ ಬಂದರೆ ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಪ್ರತಿ ಸ್ಯಾಂಪಲ್ಲಿಗೂ ಗೊತ್ತಿರುವ ಪ್ರಮಾಣದಲ್ಲಿ ಸೇರಿಸುವ ವಸ್ತು) ಯಾವುದೆಂದು ಕೇಳಿ. ಕೆಲವರು ಬಳಸುವ ಐಬಿಎಂಪಿ ಜಿಯೋಸ್ಮಿನ್‌ಗಿಂತ ಬೇರೆಯೇ ಅಣು. ಫೈಬರ್ ಸವೆದಾಗ, ನೀರಿನಲ್ಲಿ ಸಾವಯವ ಅಂಶ ಹೆಚ್ಚಿದಾಗ ಅದು ಜಿಯೋಸ್ಮಿನ್ ಜೊತೆಗೇ ಏರಿಳಿಯುತ್ತದೆಂಬ ಭರವಸೆ ಇಲ್ಲ. ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ ಜಿಯೋಸ್ಮಿನ್ ಆದರೆ ನಂಬಬಹುದು. ಜಿಸಿ-ಎಂಎಸ್‌ನಲ್ಲಿ ಜಿಯೋಸ್ಮಿನ್ ಗುರುತಿಸಲು ನೋಡುವ 112ರ ಅಯಾನಿನ (ಅಣು ಒಡೆದು ಬರುವ ತುಣುಕು) ಜೊತೆ ದೃಢೀಕರಣಕ್ಕೆ ಇನ್ನೊಂದು ಅಯಾನಿನ ಅನುಪಾತವನ್ನೂ ನೋಡಿದ್ದಾರೆಯೇ? ಒಂದೇ ಆಂಪೂಲಿನ ದ್ರಾವಣದಿಂದ ಲೀಟರಿಗೆ 10 ನ್ಯಾನೋಗ್ರಾಂ ಜಿಯೋಸ್ಮಿನ್ ಸ್ಪೈಕ್ ಮಾಡಿದ (ಬೇಕೆಂದೇ ಸೇರಿಸಿದ) ಸ್ಯಾಂಪಲ್ಲನ್ನು ಇಬ್ಬರಿಗೂ ಹೆಸರು ಹೇಳದೆ ಕೊಡಿ.

ಬಾಟಲಿಯ ವಿಷಯ: ಕಂದು ಗಾಜು, ಗಾಳಿ ಉಳಿಯದಂತೆ ತುಂಬಿ 4 ಡಿಗ್ರಿಯಲ್ಲಿ ಇಡಿ. ಪ್ಲಾಸ್ಟಿಕ್ ಇವನ್ನು ಹೀರುತ್ತದೆ. ಸ್ಯಾಂಪಲ್ ಕಾದಷ್ಟೂ ಬ್ಯಾಕ್ಟೀರಿಯಾ ತಿನ್ನುತ್ತವೆ, ಹಾಗಾಗಿ ಇಬ್ಬರೂ ಒಂದೇ ದಿನ ಅಳೆಯಲಿ.

ಉತ್ತರ 4:
ಈ ಅಂಕಿಗಳನ್ನು ವಾಸನೆ ಪ್ಯಾನೆಲ್ (ನೀರನ್ನು ಮೂಸಿ ಹೇಳುವ ತಂಡ) ಜೊತೆ ಹೋಲಿಸುವುದಾದರೆ ಒಂದು ಎಚ್ಚರಿಕೆ. ಜಿಯೋಸ್ಮಿನ್‌ಗೆ ಕನ್ನಡಿ ಬಿಂಬದಂಥ ಎರಡು ರೂಪ, ಋಣ ಮತ್ತು ಧನ; ಪಾಚಿ ಮಾಡುವುದು ಋಣ ಜಿಯೋಸ್ಮಿನ್. ಅದರ ವಾಸನೆ ಧನ ರೂಪದ ಸುಮಾರು ಹತ್ತು ಪಟ್ಟು ತೀಕ್ಷ್ಣ. ಮಾರುವ ಸ್ಟ್ಯಾಂಡರ್ಡ್‌ಗಳಲ್ಲಿ ಎರಡೂ ಸಮಪಾಲು ಬೆರೆತಿರುವುದು ಸಾಮಾನ್ಯ. ಜಿಸಿ-ಎಂಎಸ್‌ನ ಸಾಮಾನ್ಯ ಕಾಲಂ (ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಇವೆರಡನ್ನು ಬೇರ್ಪಡಿಸುವುದಿಲ್ಲ. ಹಾಗಾಗಿ ಅಂಕಿ ಒಂದೇ ಇದ್ದರೂ ಜಲಾಶಯದ ನೀರು ಸ್ಪೈಕ್ ಮಾಡಿದ ನೀರಿಗಿಂತ ಜೋರಾಗಿ ಮಣ್ಣಿನ ವಾಸನೆ ಹೊಡೆಯುತ್ತದೆ.