ಒಂದೇ ಒಂದು ಎಂದರೆ ನನ್ನದು ಚೊಂಬು

ಎಲ್ಲರಿಗೂ ನಮಸ್ಕಾರ. ಮಂಡ್ಯದಿಂದ ಚಿಕ್ಕಪ್ಪ ಮಾತನಾಡುತ್ತಿದ್ದೇನೆ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲವಾದ್ದರಿಂದ ಬರೆಯುವ ಬದಲು ಹೇಳುತ್ತಿದ್ದೇನೆ, ಉದ್ದವಾದರೆ ಮನ್ನಿಸಿ. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದರೆ ಊಟದ ಸಾಮಾನಿನಲ್ಲಿ ಯಾವ ಒಂದನ್ನು ಇಟ್ಟುಕೊಳ್ಳುತ್ತೀರಿ ಎಂದು ಪುಟ್ಟಿ ಬೆಳಿಗ್ಗೆ ಕೇಳಿದ್ದಕ್ಕೆ ಮೈಸೂರಿನ ಭಾವನವರು ಚಾಕು ಎಂದಿದ್ದಾರೆ, ಅಕ್ಕ ಚಮಚ ಎಂದಿದ್ದಾರೆ, ಹುಡುಗರು ಮೀನು ಚುಚ್ಚಲು ಫೋರ್ಕ್ ಎಂದಿದ್ದಾರೆ. ನನ್ನ ಆಯ್ಕೆ ಸ್ಟೀಲಿನ ಚೊಂಬು. ಏನೂ ದಕ್ಕದಿದ್ದಾಗ ಕೈಗೆ ಚೊಂಬು ಕೊಟ್ಟರು ಎಂದು ನಗುವ ಜನ ನಾವು ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅದು ಊಟದ ಪಾತ್ರೆಯೇ ಅಲ್ಲ ಎಂದು ತಕರಾರು ತೆಗೆಯಬೇಡಿ. ಎಲೆಯ ಪಕ್ಕ ನೀರಿನ ಚೊಂಬು ಇಡದೆ ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಕುಳಿತದ್ದಿಲ್ಲ.

ಅಂಥ ಕಡೆ ಮೊದಲು ಕಾಡುವುದು ಹಸಿವಲ್ಲ, ಬಾಯಾರಿಕೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟು ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುವುದರಿಂದ, ಕುಡಿದಷ್ಟೂ ಮೈಯಲ್ಲಿನ ನೀರು ಕಡಿಮೆಯಾಗುತ್ತದೆ. ಬಂಡೆಯ ಗುಂಡಿಯಲ್ಲಿ ನಿಂತ ಮಳೆನೀರು ಸಿಕ್ಕಿದರೂ ಒಂದು ನಿಮಿಷವಾದರೂ ಕೊತಕೊತ ಕುದಿಸಿ ಕುಡಿಯಬೇಕು. ಚೊಂಬಾದರೆ, ಬಾವಿಗೆ ಬಿಡುವಂತೆ ಅದರ ಕುತ್ತಿಗೆಗೆ ಬಳ್ಳಿ ಕಟ್ಟಿ ಬಂಡೆಯ ಸಂದಿಗೂ ಇಳಿಬಿಡಬಹುದು, ಮೇಲೆತ್ತಿ ಹಾಗೆಯೇ ಬೆಂಕಿಯ ಮೇಲೂ ಇಡಬಹುದು. ಮಳೆಯೇ ಬಾರದಿದ್ದರೆ ಸಮುದ್ರದ ನೀರನ್ನು ಅದರಲ್ಲಿ ಕುದಿಸಿ, ಬರುವ ಆವಿಗೆ ಬಟ್ಟೆ ಹಿಡಿದು ಹಿಂಡಿದರೆ ಉಪ್ಪಿಲ್ಲದ ನೀರು ಬರುತ್ತದೆ. ಬರುವುದು ಗುಟುಕು ಗುಟುಕೇ, ಸೌದೆಯೂ ವಿಪರೀತ ಬೇಕು. ಆದರೂ ಚಾಕುವಿನಿಂದ ಅಷ್ಟೂ ಆಗುವುದಿಲ್ಲ.

ಭಾವನವರೇ, ಊಟದ ಮೇಜಿನ ಚಾಕು ಬೆಣ್ಣೆ ಸವರುವುದಕ್ಕೆ ಸರಿ. ಮದ್ದೂರಿನಲ್ಲಿ ಎಳನೀರು ಕೆತ್ತುವವರ ಕೈಯಲ್ಲಿ ಇರುವುದು ಮಚ್ಚು. 1704ರಲ್ಲಿ ಚಿಲಿಯ ಆಚೆಗಿನ ಹುವಾನ್ ಫರ್ನಾಂಡಿಸ್ ದ್ವೀಪಗಳಲ್ಲೊಂದರಲ್ಲಿ ಒಂಟಿಯಾಗಿ ಉಳಿದು, 1709ರಲ್ಲಿ ಹಡಗೊಂದು ಬರುವವರೆಗೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಬದುಕಿದ ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್‌ನ ಬಳಿ ಕೋವಿ, ಕೊಡಲಿ, ಚಾಕುವಿನ ಜೊತೆಗೆ ನೀರು ಕಾಯಿಸುವ ಪಾತ್ರೆಯೂ ಇತ್ತು. ಚಾಕು ಸವೆದುಹೋದಾಗ ಅವನು ದಡದಲ್ಲಿ ಬಿದ್ದಿದ್ದ ಕಬ್ಬಿಣದ ಪಟ್ಟಿಗಳನ್ನು ಬಡಿದು ತೆಳುವಾಗಿಸಿ, ಕಲ್ಲಿಗೆ ಉಜ್ಜಿ ಬೇರೆ ಚಾಕು ಮಾಡಿಕೊಂಡನಂತೆ. ಪಾತ್ರೆ ತೂತಾಗಿದ್ದರೆ ಏನು ಮಾಡುತ್ತಿದ್ದನೋ!

ಚಮಚದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮುದ್ದೆ ನುಂಗುವ ಕೈ ಇರುವಾಗ ಅದರ ಅಗತ್ಯ ಕಾಣೆ, ಬೇಕೆನಿಸಿದರೆ ತೆಂಗಿನ ಚಿಪ್ಪು ಸಾಕು. ಫೋರ್ಕಿನ ಹಲ್ಲು ಗಿಡ್ಡ, ಚುಚ್ಚಿದ ಮೀನನ್ನು ಹಿಡಿದಿಡುವ ಕೊಕ್ಕೆ ಅದಕ್ಕಿಲ್ಲ. ಮೇಲಾಗಿ ನೀರಿನಲ್ಲಿ ಬೆಳಕು ಬಾಗುವುದರಿಂದ ಮೀನು ಕಂಡ ಜಾಗದಲ್ಲಿ ಇರುವುದೇ ಇಲ್ಲ.

ಅಟ್ಟದ ಮೇಲಿನ ಹಿತ್ತಾಳೆ ಚೊಂಬು ಆಗದೇ ಎಂದು ದೊಡ್ಡಮ್ಮ ಕೇಳಿದ್ದಾರೆ. ನೋಡುವುದಕ್ಕೆ ಅದೇ ಚೆಂದ, ಒಪ್ಪುತ್ತೇನೆ. ಆದರೆ ಕಲಾಯಿಯ ತವರ 232 ಡಿಗ್ರಿಗೇ ಕರಗುವುದರಿಂದ, ಒಂದು ಸಲ ನೀರು ಬತ್ತಿ ತಳ ಕಾದರೆ ಕಲಾಯಿ ಹೋಗುತ್ತದೆ. ಆಮೇಲೆ ಉಪ್ಪುನೀರು ಕುದಿಸುತ್ತಾ ಹೋದರೆ ಕಿಲುಬು ಹಿಡಿಯುತ್ತದೆ, ಅಲ್ಲಿಗೆ ಕಲಾಯಿಯವರು ಕೂಗಿಕೊಂಡು ಬರುವುದಿಲ್ಲ. ಸ್ಟೀಲಿನದಾದರೆ ಮರಳು ಹಾಕಿ ತಿಕ್ಕಿ ಬೋರಲು ಹಾಕಿದರಾಯಿತು.