ರ‍್ಯಾಮ್ ಅರ್ಧ ಖಾಲಿ ಇದ್ರೂ ‘ಔಟ್ ಆಫ್ ಮೆಮೊರಿ’ ಬರ್ತದೆ, ಎಂತ ಮಾಡುವುದು?

ಬದಿಯಡ್ಕದ ಭಾವ:
ತೆಂಕುತಿಟ್ಟು ಯಕ್ಷಗಾನದ ನಾಲ್ಕು ಪದ್ಯ ರೀಪರ್ ಎಂಬ ಮಿಕ್ಸಿಂಗ್ ಸಾಫ್ಟ್‌ವೇರ್‌ನಲ್ಲಿ ಮಿಕ್ಸ್ ಮಾಡ್ತಾ ಇದ್ದೇನೆ. ಭಾಗವತರ ಸ್ವರ, ಚೆಂಡೆ, ಮದ್ದಳೆ, ಚಕ್ರತಾಳ ಎಲ್ಲ ರೆಕಾರ್ಡ್ ಆಗಿದೆ. ಹಿನ್ನೆಲೆಗೆ ಕೊಂಟ್ಯಾಕ್ಟ್ 5ರಲ್ಲಿ (ವಾದ್ಯಗಳ ರೆಕಾರ್ಡ್ ಮಾಡಿದ ಸ್ಯಾಂಪಲ್‌ಗಳನ್ನು ರ‍್ಯಾಮಿಗೆ ತುಂಬಿಕೊಂಡು ನುಡಿಸುವ ಪ್ಲಗಿನ್, ಅಂದ್ರೆ ರೀಪರ್ ಒಳಗೆ ಸೇರಿಸುವ ಪ್ರೋಗ್ರಾಂ) ಸ್ಟ್ರಿಂಗ್ಸ್, ಕೋರಸ್ ಸೇರಿಸ್ತಾ ಹೋದ ಹಾಗೆ ‘ಔಟ್ ಆಫ್ ಮೆಮೊರಿ’ ಅಂತ ಬಂದು ಎಲ್ಲ ಮುಚ್ಚಿಹೋಗ್ತದೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ಉಂಟು, ಟಾಸ್ಕ್ ಮ್ಯಾನೇಜರ್ ನೋಡಿದ್ರೆ ಅರ್ಧ ಖಾಲಿ. ವಿಂಡೋಸ್ 64 ಬಿಟ್, ರೀಪರ್ ಮಾತ್ರ 32 ಬಿಟ್. ಸ್ವರಕ್ಕೆ ಮಾರ್ದನಿ ಕೊಡುವ ನನ್ನ ಹಳೇ ರಿವರ್ಬ್ ಪ್ಲಗಿನ್ 32 ಬಿಟ್‌ನದ್ದೇ ಇರುವುದು, ಅದಕ್ಕೆ. ಇನ್ನೊಂದು 8 ಜಿಬಿ ಹಾಕಿಸ್ಲಿಕ್ಕಾ?

ಉಪ್ಪಳ ಸೌಂಡ್ಸ್:
ಹಾಕಿಸಿ ಮಾರಾಯ್ರೆ. ಸ್ಯಾಂಪಲ್ ಲೈಬ್ರರಿ ಇಟ್ಟು ಕೆಲಸ ಮಾಡುವವರಿಗೆ 16 ಇಲ್ಲದೆ ಆಗುವುದಿಲ್ಲ. ನಾನು ಹಾಕಿಸಿದ ಮೇಲೆ ತೊಂದರೆಯೇ ಇಲ್ಲ.

ನೀರ್ಚಾಲ್ ಕೀಬೋರ್ಡ್:
ನಿಮ್ಮದು 64 ಬಿಟ್ ಇರ್ಬಹುದು, ಹಾಗಾಗಿ ಉಪಯೋಗ ಆಯ್ತು. ಭಾವನದ್ದು ಹಾಗಲ್ಲ. 32 ಬಿಟ್ ಪ್ರೋಗ್ರಾಮಿಗೆ ಲೆಕ್ಕ ಹಾಕ್ಲಿಕ್ಕೆ ಸಿಗುವುದೇ ಮೆಮೊರಿಯ 429 ಕೋಟಿ ವಿಳಾಸ, ಒಂದಕ್ಕೆ ಒಂದು ಬೈಟ್, ಅಂದ್ರೆ 4 ಜಿಬಿ. ವಿಂಡೋಸ್‌ನಲ್ಲಿ ಅದರಲ್ಲೂ ಮಾಮೂಲಿಗೆ 2 ಜಿಬಿ ಮಾತ್ರ ಪ್ರೋಗ್ರಾಮಿನ ಪಾಲಿಗೆ. ದೊಡ್ಡ ವಿಳಾಸ ಬಳಸುವ ಹಾಗೆ ಗುರುತು ಹಾಕಿ ಕಟ್ಟಿದ ಪ್ರೋಗ್ರಾಂ ಆದ್ರೆ 64 ಬಿಟ್ ವಿಂಡೋಸಿನಲ್ಲಿ ಪೂರ್ತಿ 4 ಸಿಗ್ತದೆ. ಅದಕ್ಕಿಂತ ಮೇಲೆ ಒಂದು ಬೈಟೂ ಇಲ್ಲ, 64 ಜಿಬಿ ಹಾಕಿಸಿದ್ರೂ ಅಷ್ಟೇ. ರೀಪರ್ ಒಳಗೆ ಲೋಡ್ ಆದ ಪ್ಲಗಿನ್‌ಗಳೆಲ್ಲ ಆ ಒಂದೇ ಪಾಲನ್ನು ಹಂಚಿಕೊಳ್ಬೇಕು.

ಇನ್ನೊಂದು: ಮಿತಿ ಮುಟ್ಟುವ ಮೊದಲೇ ಬೀಳುವುದೂ ಉಂಟು. ಒಟ್ಟು ಜಾಗ ಉಳಿದಿರ್ತದೆ, ಆದ್ರೆ ತುಂಡು ತುಂಡಾಗಿ. ದೊಡ್ಡ ಸ್ಯಾಂಪಲ್‌ಗೆ ಒಂದೇ ಉದ್ದಕ್ಕೆ ಜಾಗ ಸಿಗದಿದ್ರೆ ಅಲ್ಲಿಗೆ ಕತೆ ಮುಗೀತು.

ಮುಳ್ಳೇರಿಯ ಮದ್ದಳೆ:
ಯಕ್ಷಗಾನದ ಪದ್ಯಕ್ಕೆ ಸ್ಟ್ರಿಂಗ್ಸ್ ಎಂತಕ್ಕೆ ಹೇಳಿ ಮೊದಲು ಕೇಳ್ಬೇಕಿತ್ತು! ಇರ್ಲಿ. ರೆಕಾರ್ಡ್ ಮಾಡಿದ ಚೆಂಡೆ, ಮದ್ದಳೆ ಟ್ರ್ಯಾಕ್‌ಗಳನ್ನು ಡಿಲೀಟ್ ಮಾಡ್ಲಿಕ್ಕೆ ಹೋಗ್ಬೇಡಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮೋನೋ ಟ್ರ್ಯಾಕ್ ಒಂದು ನಿಮಿಷಕ್ಕೆ 8.64 ಎಂಬಿ. ಆರು ಟ್ರ್ಯಾಕ್, ಆರು ನಿಮಿಷ ಅಂದ್ರೂ 311 ಎಂಬಿ, ಅದೂ ಡಿಸ್ಕಿನಲ್ಲಿ. ನುಡಿಸುವಾಗ ಸ್ವಲ್ಪ ಸ್ವಲ್ಪವೇ ಓದಿಕೊಳ್ತದೆ, ರ‍್ಯಾಮಿಗೆ ಇಡೀ ತುಂಬಿಕೊಳ್ಳುವುದಿಲ್ಲ. ರ‍್ಯಾಮ್ ತಿನ್ನುವುದು ನಿಮ್ಮ ಆ ಕೋರಸ್.

ಬದಿಯಡ್ಕದ ಭಾವ:
ಸ್ಟ್ರಿಂಗ್ಸ್ ಕೇಳಿದ್ದು ಹಣ ಹಾಕಿದವರು ಮಾಷ್ಟ್ರೇ, ನಾನಲ್ಲ 😀 ಸರಿ, 64 ಬಿಟ್ ರೀಪರ್‌ಗೆ ಹೋದ್ರೆ ಆ ರಿವರ್ಬ್ ಗತಿ ಎಂತ? ಭಾಗವತರ ಸ್ವರಕ್ಕೆ ಅದರಷ್ಟು ಒಪ್ಪುವುದು ಬೇರೆ ಸಿಕ್ಕಿಲ್ಲ.

ನೀರ್ಚಾಲ್ ಕೀಬೋರ್ಡ್:
ಬಿಡ್ಬೇಕಾಗಿಲ್ಲ. 64 ಬಿಟ್ ರೀಪರ್ 32 ಬಿಟ್ ಪ್ಲಗಿನ್ ಅನ್ನು ತಾನೇ ಹೊರಗೆ ಬೇರೆ ಪ್ರೊಸೆಸ್‌ನಲ್ಲಿ ಓಡಿಸ್ತದೆ. ಹಾಗೆ ಹೊರಗೆ ಹಾಕಿದ್ದೆಲ್ಲ ಒಂದೇ ಪ್ರೊಸೆಸ್‌ನಲ್ಲಿದ್ರೆ ಪುನಃ ಅದೇ ಮಿತಿ. ಪ್ಲಗಿನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡೆಡಿಕೇಟೆಡ್ ಪ್ರೊಸೆಸ್’ ಕೊಟ್ರೆ ಅದಕ್ಕೆ ಅದರದ್ದೇ ಜಾಗ. ಕೊಂಟ್ಯಾಕ್ಟ್ 5ನ್ನು ಮಾತ್ರ 64 ಬಿಟ್‌ನದ್ದೇ ಹಾಕಿ. ರೀಪರ್ ಆದ ಕಾರಣ ಇಷ್ಟಾದ್ರೂ ಉಂಟು. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕ್ಯೂಬೇಸ್ 2016ರಲ್ಲಿ 9ನೇ ಆವೃತ್ತಿ ಬಂದಾಗಲೇ 32 ಬಿಟ್ ಪ್ಲಗಿನ್‌ಗಳನ್ನು ಕೈಬಿಟ್ಟಿತು.

ಪೆರ್ಲದ ಹುಡುಗ:
ಹೀಗೆ ಹೊರಗಿನ ಪ್ರೊಸೆಸ್‌ನಲ್ಲಿ ಓಡಿಸುವ ಬ್ರಿಡ್ಜ್ ಮೇಲೆ ನನಗೆ ನಂಬಿಕೆ ಇಲ್ಲ. ಪ್ಲಗಿನ್ ವಿಂಡೋ ಕಪ್ಪಾಗಿ ನಿಲ್ತದೆ, ಸಿಪಿಯು ಸ್ವಲ್ಪ ಜಾಸ್ತಿ ತಗೊಳ್ತದೆ. ಈಗಿರುವ 32 ಬಿಟ್‌ನಲ್ಲೇ ಸ್ಟ್ರಿಂಗ್ಸ್ ಎಲ್ಲ ಆಫ್ ಮಾಡಿ, ರಿವರ್ಬ್‌ನ ಸದ್ದು ಮಾತ್ರ ಬೇರೆ ವೇವ್ ಫೈಲ್ ಆಗಿ ರೆಂಡರ್ ಮಾಡಿ ಇಟ್ಕೊಳ್ಳಿ ಅಣ್ಣ. ಮತ್ತೆ 64ಕ್ಕೆ ಹೋಗಿ. ಆಮೇಲೆ ಪ್ಲಗಿನ್ ಬೇಕಾಗುವುದೇ ಇಲ್ಲ.

ನೀರ್ಚಾಲ್ ಕೀಬೋರ್ಡ್:
ಭಾಗವತರು ಬಂದು ಒಂದು ಸಾಲು ತಿದ್ದಿ ಹಾಡಿದ್ರೆ? ಪುನಃ 32 ತೆರೆದು, ಪುನಃ ರೆಂಡರ್. ಮಿಕ್ಸ್ ಮುಗಿದ ಮೇಲಾದ್ರೆ ನಿಮ್ಮ ದಾರಿ ಒಳ್ಳೇದು, ಮಧ್ಯದಲ್ಲಿ ಅಲ್ಲ.

ಉಪ್ಪಳ ಸೌಂಡ್ಸ್:
64ಕ್ಕೆ ಹೋದ ಮೇಲೆ 8 ಜಿಬಿಯೇ ಮಿತಿ ಆಗ್ತದಲ್ಲ? ವಿಂಡೋಸ್, ಬ್ರೌಸರ್ ಎಲ್ಲ ತಿಂದು ಉಳಿಯುವುದು ಎಷ್ಟು? ತುಂಬಿತೋ, ಎರರ್ ಬರುವುದಿಲ್ಲ, ಡಿಸ್ಕಿಗೆ ಬರೆದು ಓದಿ ಮಾಡಿ ಸದ್ದು ಕಡಿದು ಕಡಿದು ಬರ್ತದೆ. ಆಗ ನನ್ನ 16 ಜಿಬಿ ನೆನಪಾದೀತು.

ನೀರ್ಚಾಲ್ ಕೀಬೋರ್ಡ್:
ಅದು ಒಪ್ಪುವ ಮಾತು. ಆದ್ರೆ ದುಡ್ಡು ಹಾಕುವ ಮೊದಲು ಮಾಡ್ಲಿಕ್ಕೆ ಬೇಕಾದಷ್ಟು ಉಂಟು. ಪದ್ಯ ಒಮ್ಮೆ ಪೂರ್ತಿ ನುಡಿಸಿ, ಆಮೇಲೆ ಕೊಂಟ್ಯಾಕ್ಟ್‌ನ ‘ಪರ್ಜ್’ ಮೆನುವಿನಲ್ಲಿ ಸ್ಯಾಂಪಲ್ ಪೂಲ್ ಅಪ್‌ಡೇಟ್ ಕೊಡಿ. ನುಡಿಸದ ಸ್ವರಗಳ ಸ್ಯಾಂಪಲ್ ರ‍್ಯಾಮಿನಿಂದ ಹೋಗ್ತದೆ. ಒಂದೇ ಶ್ರುತಿ ಹಿಡಿದು ನಿಲ್ಲುವ ಸ್ಟ್ರಿಂಗ್ಸ್‌ಗೆ ಇದರಿಂದ ತುಂಬ ಉಳಿತಾಯ. ಲೈಬ್ರರಿ ಎಸ್‌ಎಸ್‌ಡಿಯಲ್ಲಿದ್ರೆ ಪ್ರೀಲೋಡ್ ಬಫರ್ (ಪ್ರತಿ ಸ್ಯಾಂಪಲ್‌ನ ಮೊದಲೇ ರ‍್ಯಾಮಿಗೆ ತುಂಬಿಡುವ ಆರಂಭದ ತುಂಡು) ಕೂಡ ಇಳಿಸ್ಬಹುದು. ಕೋರಸ್ ಸರಿ ಕೂತಿದ್ರೆ ಆ ಟ್ರ್ಯಾಕ್ ಫ್ರೀಜ್ ಮಾಡಿ, ಬರೇ ಆಡಿಯೋ ಆಗಿ ಉಳೀತದೆ.

ಪೆರ್ಲದ ಹುಡುಗ:
ಕಡಿದು ಬರುವುದೆಲ್ಲ ರ‍್ಯಾಮ್‌ದಲ್ಲ ಮತ್ತೆ. ಆಡಿಯೋ ಬಫರ್ (ಸಿಪಿಯು ಒಮ್ಮೆಗೆ ಲೆಕ್ಕ ಮಾಡುವ ಸದ್ದಿನ ತುಂಡು) 64 ಸ್ಯಾಂಪಲ್‌ನಲ್ಲಿ ಇಟ್ಟು ಮಿಕ್ಸ್ ಮಾಡಿದ್ರೆ ಸಿಪಿಯು ಸೋತು ಪಟಪಟ ಅಂತದೆ. ರೆಕಾರ್ಡಿಂಗ್ ಮುಗಿದಿದೆಯಲ್ಲ, 1024ಕ್ಕೆ ಏರಿಸಿ.

ಉಪ್ಪಳ ಸೌಂಡ್ಸ್:
ಇಷ್ಟು ಮಾಡಿಯೂ ಸಾಲದಿದ್ರೆ ರ‍್ಯಾಮ್ ತರುವ ಮೊದಲು ಅಡಿ ಬಿಚ್ಚಿ ನೋಡಿ: ಸ್ಲಾಟ್ ಖಾಲಿ ಉಂಟಾ, ಡಿಡಿಆರ್ 3ಆ 4ಆ ಅಂತ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪಿನಲ್ಲಿ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಅದಾದ್ರೆ ಆಸೆ ಬಿಡಿ.

ಮುಳ್ಳೇರಿಯ ಮದ್ದಳೆ:
ಹಣ ಹಾಕಿದವರಿಗೆ ಒಮ್ಮೆ ಕೋರಸ್ ಮ್ಯೂಟ್ ಮಾಡಿ ಕೇಳಿಸಿ ಭಾವ. ಖರ್ಚಿಲ್ಲದ ಉಪಾಯ.