ಮನೆಗೆ ಬಂದ ಮೇಲೆ ಕಾಂಗರೂ ಆರೈಕೆ: ದಿನಕ್ಕೆ ಎಷ್ಟು ಹೊತ್ತು, ಯಾರ್ಯಾರು ಮಾಡಬಹುದು?

ಪ್ರಶ್ನೆ: ಗಂಗಾವತಿಯ ತಾಯಿ
ನನ್ನ ಮಗಳು 33ನೇ ವಾರದಲ್ಲಿ ಹುಟ್ಟಿದಳು. ಆಗ 1,650 ಗ್ರಾಂ ಇದ್ದವಳು 1,800 ಗ್ರಾಂ ಆದ ಮೇಲೆ ಆಸ್ಪತ್ರೆಯವರು ಮನೆಗೆ ಕಳುಹಿಸಿ, ಕಾಂಗರೂ ಆರೈಕೆಯನ್ನು, ಅಂದರೆ ಕೂಸನ್ನು ಬರಿ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳುವುದನ್ನು, ಮುಂದುವರಿಸಲು ತಿಳಿಸಿದ್ದಾರೆ. ಆದರೆ ಕೂಸನ್ನು ಬೆಚ್ಚಗೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ, ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ಸಾಕು, ಹಸಿ ಬಾಣಂತಿ ದಿನವಿಡೀ ಕೂಸನ್ನು ಹೊತ್ತರೆ ಸೊಂಟ ಹಿಡಿಯುತ್ತದೆ ಎಂದು ನಮ್ಮತ್ತೆಯವರು ಹೇಳುತ್ತಾರೆ. ದಿನಕ್ಕೆ ಎಷ್ಟು ಗಂಟೆ ಮಾಡಬೇಕು? ರಾತ್ರಿ ಏನು ಮಾಡಬೇಕು?

ಉತ್ತರ: ನವಜಾತ ಶಿಶು ಘಟಕದ ಶುಶ್ರೂಷಕಿ
ತಂಗಿ, ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸಿನಂತೆ ದಿನಕ್ಕೆ 8ರಿಂದ 24 ಗಂಟೆ, ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಮಾಡಬೇಕು. ಒಮ್ಮೆ ಎತ್ತಿಕೊಂಡರೆ ಕನಿಷ್ಠ ಒಂದು ಗಂಟೆಯಾದರೂ ಇಳಿಸಬೇಡಿ, ಏಕೆಂದರೆ ಪದೇ ಪದೇ ಎತ್ತಿ ಇಳಿಸುವುದರಿಂದ ಕೂಸಿಗೆ ಆಯಾಸವಾಗುತ್ತದೆ.

ಟೋಪಿ, ಕಾಲುಚೀಲ ಮತ್ತು ಲಂಗೋಟಿ ಬಿಟ್ಟು ಬೇರೇನೂ ತೊಡಿಸದೆ, ಕೂಸನ್ನು ನಿಮ್ಮ ಎರಡು ಸ್ತನಗಳ ನಡುವೆ ನೆಟ್ಟಗೆ ಇರಿಸಿ. ಕೈಕಾಲುಗಳು ಕಪ್ಪೆಯಂತೆ ಮಡಚಿರಲಿ, ತಲೆ ಒಂದು ಬದಿಗೆ ತಿರುಗಿರಲಿ. ಗದ್ದ ಎದೆಗೆ ಬಾಗಿದರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಆದ್ದರಿಂದ ಕುತ್ತಿಗೆ ತುಸು ಮೇಲಕ್ಕೆ ಚಾಚಿರಬೇಕು, ಮೂಗು ಬಾಯಿ ಸದಾ ಕಾಣುತ್ತಿರಬೇಕು. ಕಟ್ಟುವ ಬಟ್ಟೆಯ ಮೇಲಂಚು ಕೂಸಿನ ಕಿವಿಯ ಕೆಳಗೆ ನಿಲ್ಲಲಿ. ರಾತ್ರಿ ದಿಂಬುಗಳಿಗೆ ಅರೆ ಒರಗಿಕೊಂಡು ಇದೇ ಭಂಗಿಯಲ್ಲಿ ಮಲಗಬಹುದು. ಕೂಸು ಚೀಪಿ ದಣಿಯುತ್ತಿದ್ದರೆ ಎದೆಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸಿ. ಎರಡು ಗಂಟೆಗೊಮ್ಮೆ ಹಾಲು ತಪ್ಪದಿರಲಿ.

ಕೆಂಡ ಮಾತ್ರ ಬೇಡ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಕೂಸಿಗೂ ನಿಮಗೂ ಅಪಾಯಕಾರಿ. ಲೋಬಾನದ ಹೊಗೆಯನ್ನೂ ಹಾಕಬೇಡಿ. ಹರಿಯಾಣದಲ್ಲಿ ಮನೆಯಲ್ಲಿಯೇ ಆರಂಭಿಸಿದ ಕಾಂಗರೂ ಆರೈಕೆಯ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನಿಮ್ಮ ಮಗಳಷ್ಟೇ ಚಿಕ್ಕ ಶಿಶುಗಳು, ಅಂದರೆ 1,500ರಿಂದ 2,250 ಗ್ರಾಂ ತೂಕದವು, ಮೊದಲ 28 ದಿನಗಳಲ್ಲಿ ಸಾಯುವ ಪ್ರಮಾಣ ಅದರಿಂದ ಸುಮಾರು ಶೇಕಡಾ 30ರಷ್ಟು ತಗ್ಗಿತ್ತು. ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ನಡೆದಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.

ಉತ್ತರ: ತುಮಕೂರಿನ ತಾಯಿ
ಎಂಟು ಗಂಟೆ ಎಂಬುದು ಬಾಣಂತಿಯೊಬ್ಬಳ ಲೆಕ್ಕವಾದರೆ ಖಂಡಿತ ಸಾಧ್ಯವಾಗುವುದಿಲ್ಲ, ಅದು ಇಡೀ ಮನೆಯ ಲೆಕ್ಕವಾಗಬೇಕು. ನಾನು ಸ್ನಾನ, ಊಟ ಮುಗಿಸುವವರೆಗೆ ನನ್ನ ಯಜಮಾನರು ಅಂಗಿ ಬಿಚ್ಚಿ ಮಗನನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದರು. ಮೊದಮೊದಲು ನಕ್ಕ ನೆರೆಹೊರೆಯವರೇ ಅವನು ಅಲ್ಲಾಡದೆ ನಿದ್ದೆ ಹೋಗುವುದನ್ನು ನೋಡಿ ಸುಮ್ಮನಾದರು. ನಿಮ್ಮತ್ತೆಯವರನ್ನು ವಾದದಿಂದ ಒಪ್ಪಿಸುವ ಬದಲು ಒಮ್ಮೆ ಅವರ ಎದೆಯ ಮೇಲೆಯೇ ಕೂಸನ್ನು ಮಲಗಿಸಿ ನೋಡಿ. ನಿಮ್ಮ ಸೊಂಟದ ಬಗೆಗಿನ ಅವರ ಕಾಳಜಿಗೂ ಅದೇ ಪರಿಹಾರ.

ಗಂಗಾವತಿಯ ತಾಯಿ
ಇಬ್ಬರಿಗೂ ಧನ್ಯವಾದಗಳು. ಇದನ್ನು ಎಂದಿಗೆ ನಿಲ್ಲಿಸಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನೂ ತಿಳಿಸುವಿರಾ?

ಶುಶ್ರೂಷಕಿ
ತೂಕ ಸುಮಾರು 2,500 ಗ್ರಾಂ ತಲುಪುವ ಹೊತ್ತಿಗೆ ಕೂಸೇ ಕೈಕಾಲು ಬಡಿದು ಹೊರಬರಲು ಹವಣಿಸುತ್ತದೆ, ಆಗ ನಿಲ್ಲಿಸಬಹುದು. ಹಾಲು ಕುಡಿಯದಿದ್ದರೆ, ಎದೆಗವಚಿದರೂ ಪಾದ ತಣ್ಣಗೇ ಇದ್ದರೆ, ಜ್ವರ ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ ಇಲ್ಲವೇ ನಡುನಡುವೆ ನಿಂತರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ದಾರಿಯಲ್ಲಿಯೂ ಕೂಸು ನಿಮ್ಮ ಎದೆಯ ಮೇಲೆಯೇ ಇರಲಿ.